ನಡೆಯುವವರಿಗೆ ಸೇವೆಯುಂಟು, ದಾರಿಗೆ ಯಾರಿದ್ದಾರೆ?

ಯುಗಾದಿಗೆ ಇನ್ನು ಹತ್ತು ಹದಿನೈದು ದಿನ ಇದೆ ಎನ್ನುವಾಗ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ರಸ್ತೆಗಳ ಚಹರೆಯೇ ಬದಲಾಗುತ್ತದೆ. ರಾಯಚೂರಿನ ಕಡೆಯಿಂದ ತುಂಗಭದ್ರೆ ದಾಟಿ ಮಂತ್ರಾಲಯ, ಎಮ್ಮಿಗನೂರು ಮಾರ್ಗವಾಗಿ ಸಾಲು ಸಾಲು ಜನ. ಹೆಗಲ ಮೇಲೆ ಕಂಬಿ, ಹಣೆಯ ತುಂಬ ವಿಭೂತಿ, ಕಾಲಿಗೆ ಸುತ್ತಿದ ಬಟ್ಟೆ, ಬಾಯಲ್ಲಿ ಮಲ್ಲಯ್ಯನ ಹೆಸರು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳಿಂದ ಹೊರಟವರು ಇವರು. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಹೊರಟಿದ್ದು ಶ್ರೀಶೈಲಕ್ಕೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಿಕಾರ್ಜುನ ನಮ್ಮ ಅಳಿಯ, ಹಬ್ಬಕ್ಕೆ ಮಗಳಿಗೆ ಸೀರೆ, ಅರಿಶಿನ, ಕುಂಕುಮ ಕೊಟ್ಟು ಬರಬೇಕು ಎನ್ನುವ ಲೆಕ್ಕ ಅವರದು.

ಇವರನ್ನು ನೋಡುತ್ತಲೇ ನಮ್ಮ ಊರುಗಳೂ ಎದ್ದು ನಿಲ್ಲುತ್ತವೆ. ರಸ್ತೆಯ ಪಕ್ಕದಲ್ಲಿ ಶಾಮಿಯಾನ ಬೀಳುತ್ತದೆ. ಒಂದು ಕಡೆ ಮಜ್ಜಿಗೆ, ಇನ್ನೊಂದು ಕಡೆ ಅನ್ನ ಸಾರು, ಮತ್ತೊಂದು ಕಡೆ ಬಿಸಿನೀರು, ಕಾಲಿಗೆ ಹಚ್ಚುವ ಎಣ್ಣೆ, ಗುಳ್ಳೆಗೆ ಕಟ್ಟುವ ಪಟ್ಟಿ. ಯಾವ ಸರ್ಕಾರವೂ ಇದಕ್ಕೆ ಆದೇಶ ಹೊರಡಿಸಿಲ್ಲ. ಯಾರಿಗೂ ಸಂಬಳವಿಲ್ಲ. ಬಂದವರು ಕನ್ನಡ ಮಾತಾಡುತ್ತಾರೆ, ಬಡಿಸುವವರು ಎಷ್ಟೋ ಕಡೆ ತೆಲುಗು ಮಾತಾಡುತ್ತಾರೆ. ಊಟದ ಎಲೆಯ ಮುಂದೆ ಭಾಷೆಯ ಜಗಳ ಬಂದದ್ದಿಲ್ಲ.

ಯುಗಾದಿ ಮುಗಿಯುತ್ತದೆ. ಶಾಮಿಯಾನ ಬಿಚ್ಚುತ್ತಾರೆ. ರಸ್ತೆಯ ಎರಡೂ ಬದಿಯಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ನೀರಿನ ಪ್ಯಾಕೆಟ್ಟು ಗಾಳಿಗೆ ಹಾರಾಡುತ್ತವೆ. ಮುಂದಿನ ಯುಗಾದಿಯ ತನಕ ಆ ದಾರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ನಡೆಯುವವರಿಗೆ ಇಷ್ಟು ಸೇವೆ ಮಾಡುವ ನಾವು, ಅವರು ನಡೆಯುವ ದಾರಿಗೆ ಯಾಕೆ ಒಂದು ದಿನದ ಸೇವೆಯನ್ನೂ ಮಾಡುವುದಿಲ್ಲ?

ಎರ್ರಗುಡಿಯ ಬಂಡೆ ಏನು ಹೇಳುತ್ತದೆ?

ದಾರಿಯ ಸೇವೆ ನಮಗೆ ಹೊಸದೇನೂ ಅಲ್ಲ. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ ಎರ್ರಗುಡಿ ಇದೆ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಎರಡನೆಯ ಬಂಡೆ ಶಾಸನದ ವಿಷಯವೇ ಇದು. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದು, ಔಷಧಿ ಗಿಡಗಳನ್ನು ತಂದು ನೆಡಿಸಿದ್ದು, ದಾರಿಗಳ ಪಕ್ಕದಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ್ದು. ತನ್ನ ರಾಜ್ಯದಲ್ಲಿ ಮಾತ್ರವಲ್ಲ, ಗಡಿಯ ಆಚೆಗಿದ್ದ ಚೋಳ, ಪಾಂಡ್ಯ, ಕೇರಳಪುತ್ರರ ನಾಡುಗಳಲ್ಲೂ ಚಿಕಿತ್ಸೆಯ ವ್ಯವಸ್ಥೆ ಮಾಡಿದ್ದನ್ನು ಆ ಶಾಸನ ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತು. ಇದು ಕೊರೆದಿರುವುದು ದೂರದ ಪಾಟಲಿಪುತ್ರದಲ್ಲಲ್ಲ, ನಮ್ಮದೇ ಜಿಲ್ಲೆಯ ಬಂಡೆಯ ಮೇಲೆ.

ಆಮೇಲೂ ಈ ಪರಂಪರೆ ನಿಲ್ಲಲಿಲ್ಲ. 14ನೇ ಶತಮಾನದಲ್ಲಿ ಕೊಂಡವೀಡಿನ ರೆಡ್ಡಿ ರಾಜ್ಯ ಕಟ್ಟಿದ ಪ್ರೋಲಯ ವೇಮಾರೆಡ್ಡಿಯ ಹೆಸರು ಇಂದಿಗೂ ಉಳಿದಿರುವುದು ಯುದ್ಧಗಳಿಂದಷ್ಟೇ ಅಲ್ಲ, ಶ್ರೀಶೈಲ ಮತ್ತು ಅಹೋಬಲದ ಬೆಟ್ಟಗಳಿಗೆ ಮೆಟ್ಟಿಲು ಕಟ್ಟಿಸಿದ ಕಾರಣಕ್ಕೂ ಹೌದು. ಅಕ್ಕಮಹಾದೇವಿ ಶ್ರೀಶೈಲದ ಕದಳಿಗೆ ನಡೆದು ಹೋದದ್ದು ಅದಕ್ಕಿಂತ ಸುಮಾರು ಇನ್ನೂರು ವರ್ಷ ಮುಂಚೆ. ಅಂದರೆ ಕನ್ನಡ ನಾಡಿನಿಂದ ಶ್ರೀಶೈಲಕ್ಕೆ ನಡೆಯುವ ರೂಢಿಗೆ ಎಂಟು ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಆ ಕಾಲದಲ್ಲಿ ಅರವಟ್ಟಿಗೆ ಇಡುವುದು, ಸಾಲುಮರ ನೆಡುವುದು, ಮೆಟ್ಟಿಲು ಹಾಕಿಸುವುದು, ಬಾವಿ ತೋಡಿಸುವುದು ಎಲ್ಲವೂ ಒಂದೇ ಪುಣ್ಯದ ಪಟ್ಟಿಯಲ್ಲಿದ್ದವು. ಅವುಗಳಲ್ಲಿ ನಾವು ಅರವಟ್ಟಿಗೆ ಮತ್ತು ಅನ್ನವನ್ನು ಉಳಿಸಿಕೊಂಡೆವು. ಮರ, ಮೆಟ್ಟಿಲು, ಬಾವಿಗಳನ್ನು ಸರ್ಕಾರಕ್ಕೆ ಬಿಟ್ಟುಬಿಟ್ಟೆವು. ಸರ್ಕಾರಕ್ಕೆ ಕಾರು ಲಾರಿಗಳ ದಾರಿ ಗೊತ್ತು, ಕಾಲುದಾರಿ ಗೊತ್ತಿಲ್ಲ.

ಒಂದು ದಾರಿ, ಮೂರು ಕಷ್ಟ

ದಾರಿ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಭಾಗದಲ್ಲಿ ಕನಿಷ್ಠ ಮೂರು ಬಗೆ ಇದೆ. ಪ್ರತಿಯೊಂದರ ಕಾಯಿಲೆ ಬೇರೆ, ಔಷಧಿಯೂ ಬೇರೆ.

ಮೊದಲನೆಯದು ಬಯಲಿನ ದಾರಿ. ಮಂತ್ರಾಲಯದಿಂದ ಕರ್ನೂಲಿನ ತನಕ ಯಾತ್ರಿಕರು ನಡೆಯುವುದು ಹೆಚ್ಚಾಗಿ ಡಾಂಬರು ರಸ್ತೆಯ ಅಂಚಿನಲ್ಲಿ. ಮಾರ್ಚ್ ಕೊನೆಗೆ ಇಲ್ಲಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಿಸಿಲಿಗೆ ಹೆದರಿ ಜನ ರಾತ್ರಿ ಮತ್ತು ನಸುಕಿನಲ್ಲಿ ನಡೆಯುತ್ತಾರೆ. ಲಾರಿಗಳೂ ಓಡುವುದು ಅದೇ ಹೊತ್ತಿಗೆ. ರಸ್ತೆ ಅಗಲ ಮಾಡುವಾಗ ಹಳೆಯ ಬೇವು, ಹುಣಿಸೆ, ಆಲದ ಮರಗಳು ಹೋದವು. ವಾಹನಕ್ಕೆ ಜಾಗ ಹೆಚ್ಚಾಯಿತು, ಕಾಲಿಗೆ ಉಳಿದದ್ದು ಜಲ್ಲಿ ಬಿದ್ದ ಒಂದು ಅಡಿ. ನಿದ್ದೆಗಣ್ಣಿನ ಚಾಲಕನೊಬ್ಬ ಸಾಕು, ಒಂದು ಮನೆಯ ಯುಗಾದಿ ಹಾಳಾಗಲು.

ಇದೇ ಊರುಗಳ ನಡುವೆ ಹಳೆಯ ಬಂಡಿ ದಾರಿಗಳಿದ್ದವು. ಹೊಲಗಳ ನಡುವೆ, ಹಳ್ಳದ ದಂಡೆಯಲ್ಲಿ, ಒಂದು ಊರಿನ ಅಗಸೆಯಿಂದ ಇನ್ನೊಂದು ಊರಿನ ಅಗಸೆಗೆ ಹೋಗುತ್ತಿದ್ದವು. ಕಂದಾಯ ಇಲಾಖೆಯ ನಕ್ಷೆಗಳಲ್ಲಿ ಅವು ಈಗಲೂ ಗೆರೆಗಳಾಗಿ ಇರುತ್ತವೆ. ನೆಲದ ಮೇಲೆ ಎಷ್ಟೋ ಕಡೆ ಹೊಲದವರು ಉತ್ತು ಸೇರಿಸಿಕೊಂಡಿದ್ದಾರೆ, ಉಳಿದ ಕಡೆ ಬಳ್ಳಾರಿ ಜಾಲಿ ಮುಚ್ಚಿಕೊಂಡಿದೆ. ಇವುಗಳಲ್ಲಿ ನಾಲ್ಕಾರು ತುಂಡುಗಳನ್ನು ಬಿಡಿಸಿ ಜೋಡಿಸಿದರೂ ಸಾಕು, ಯಾತ್ರಿಕರಿಗೆ ರಾತ್ರಿಯ ಹೆದ್ದಾರಿ ಅಷ್ಟು ಕಿಲೋಮೀಟರು ತಪ್ಪುತ್ತದೆ.

ಹುಲಿ ಇರುವ ದಾರಿ

ಎರಡನೆಯದು ಕಾಡಿನ ದಾರಿ. ಕರ್ನೂಲು ದಾಟಿ ಆತ್ಮಕೂರಿಗೆ ಬಂದ ಮೇಲೆ ವೆಂಕಟಾಪುರದಿಂದ ನಲ್ಲಮಲ ಶುರು. ನಾಗಲೂಟಿಯ ವೀರಭದ್ರ, ಪೆದ್ದ ಚೆರುವು, ಮಠಂ ಬಾವಿ, ಭೀಮುನಿ ಕೊಲನು, ಕೊನೆಗೆ ನೂರಾರು ಕಲ್ಲಿನ ಮೆಟ್ಟಿಲು ಹತ್ತಿ ಕೈಲಾಸದ್ವಾರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಹೆಸರುಗಳು ಸ್ವಂತ ಊರಿನ ಓಣಿಗಳಷ್ಟು ಪರಿಚಿತ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದ ಮೇಲೆ ಈ ಕಾಡಿನ ಭಾಗ ನಂದ್ಯಾಲ ಜಿಲ್ಲೆಗೆ ಸೇರಿತು. ಬಯಲಿನ ದಾರಿ ಒಬ್ಬ ಕಲೆಕ್ಟರರದು, ಕಾಡಿನ ದಾರಿ ಇನ್ನೊಬ್ಬರದು. ಯಾತ್ರಿಕನಿಗೆ ಮಾತ್ರ ಎಲ್ಲವೂ ಮಲ್ಲಯ್ಯನದೇ.

ಈ ಕಾಡು ನಾಗಾರ್ಜುನಸಾಗರ ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದ ಭಾಗ. ವಿಸ್ತೀರ್ಣ 3,700 ಚದರ ಕಿಲೋಮೀಟರಿಗೂ ಹೆಚ್ಚು. ವಿಸ್ತೀರ್ಣದ ಲೆಕ್ಕದಲ್ಲಿ ದೇಶದಲ್ಲೇ ದೊಡ್ಡದು. 2022ರ ರಾಷ್ಟ್ರೀಯ ಹುಲಿ ಅಂದಾಜಿನ ಪ್ರಕಾರ ಆಂಧ್ರದಲ್ಲಿ 63 ಹುಲಿಗಳು. ಅವುಗಳ ಮುಖ್ಯ ನೆಲೆ ಇದೇ ನಲ್ಲಮಲ. ಶಿವರಾತ್ರಿ ಮತ್ತು ಯುಗಾದಿ ಸಮಯದಲ್ಲಿ ಅರಣ್ಯ ಇಲಾಖೆ ಯಾತ್ರಿಕರಿಗೆ ದಾರಿ ಬಿಡುತ್ತದೆ. ಉಳಿದಂತೆ ಅನುಮತಿಯಿಲ್ಲದೆ ಒಳಗೆ ಕಾಲಿಡುವುದಕ್ಕೇ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಕಾಡಿನ ದಾರಿಯಲ್ಲಿ ಅಪಾಯ ಮೂರು. ಬೇಸಿಗೆಯ ಒಣ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಬಿಸಾಡಿದ ಅನ್ನ, ಪ್ಲಾಸ್ಟಿಕ್ ಪ್ರಾಣಿಗಳನ್ನು ದಾರಿಯ ಹತ್ತಿರಕ್ಕೆ ಕರೆಯುತ್ತದೆ. ಗುಂಪು ಬಿಟ್ಟು ಹಿಂದೆ ಉಳಿದವರಿಗೆ, ಅದರಲ್ಲೂ ಮಕ್ಕಳು ಮುದುಕರಿಗೆ, ದಾರಿ ತಪ್ಪುವ ಭಯ. ಇದು ಉತ್ಪ್ರೇಕ್ಷೆಯಲ್ಲ. 2023ರ ಆಗಸ್ಟ್‌ನಲ್ಲಿ ತಿರುಮಲದ ಅಲಿಪಿರಿ ಮೆಟ್ಟಿಲು ದಾರಿಯಲ್ಲಿ ಆರು ವರ್ಷದ ಹುಡುಗಿಯೊಬ್ಬಳನ್ನು ಚಿರತೆ ಎಳೆದುಕೊಂಡು ಹೋಗಿ ಕೊಂದಿತು. ಆಮೇಲೆ ಅಲ್ಲಿ ಮಕ್ಕಳ ಪ್ರವೇಶಕ್ಕೆ ಸಮಯ ಗೊತ್ತು ಮಾಡಿದರು, ಭಕ್ತರ ಕೈಗೆ ಕೋಲು ಕೊಟ್ಟರು. ಕೋಲು ಸಾಕೇ ಎಂದು ಜನ ನಕ್ಕರು. ಆದರೆ ದಾರಿಯ ಎರಡೂ ಕಡೆ ಪೊದೆ ಸವರಿ, ತಿಂಡಿಯ ಕಸ ಇಲ್ಲದಂತೆ ನೋಡಿಕೊಳ್ಳುವುದು ಕೋಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎನ್ನುವುದರಲ್ಲಿ ನಗುವಂಥದ್ದೇನೂ ಇಲ್ಲ.

ಕಿಟಕಿಯಿಂದ ಕಾಣುವ ಗುಡ್ಡ

ಮೂರನೆಯದು ಊರಿನ ಗುಡ್ಡದ ದಾರಿ. ಆದೋನಿಯಲ್ಲಿ ಯಾವ ಮಾಳಿಗೆ ಹತ್ತಿ ನೋಡಿದರೂ ಗುಡ್ಡ ಕಾಣುತ್ತದೆ. ಹಳೆಯ ಗೆಜೆಟಿಯರಿನಲ್ಲಿ ಈ ಕೋಟೆಯನ್ನು ಐದು ಕಲ್ಲುಗುಡ್ಡಗಳ ಮೇಲಿನ ಕೋಟೆ ಎಂದು ಬರೆದಿದ್ದಾರೆ. ಬಾರಾಕಿಲ್ಲಾ ಮತ್ತು ತಾಲಿಬಂಡ ಎನ್ನುವ ಎರಡು ಗುಡ್ಡ ಬಯಲಿನಿಂದ 800 ಅಡಿ ಎತ್ತರ. ಅರ್ಧ ದಾರಿಯಲ್ಲಿ ಬತ್ತದ ಒಂದು ಕೆರೆ. ವಿಜಯನಗರ, ಬಿಜಾಪುರ, ಮೊಗಲರು, ನಿಜಾಮನ ತಮ್ಮ ಬಸಾಲತ್ ಜಂಗ್, 1786ರಲ್ಲಿ ಟಿಪ್ಪು, 1800ರಲ್ಲಿ ಕಂಪನಿ ಸರ್ಕಾರ, ಹೀಗೆ ಎಲ್ಲರೂ ಈ ಗುಡ್ಡಕ್ಕಾಗಿ ಬಡಿದಾಡಿದರು. ಈಗ ಯಾರೂ ಬಡಿದಾಡುವುದಿಲ್ಲ. ಅದೇ ಈಗಿನ ತೊಂದರೆ.

ಪಕ್ಕದ ರಣಮಂಡಲದ ಕಥೆ ಸ್ವಲ್ಪ ಬೇರೆ. ಅಲ್ಲಿ ಆಂಜನೇಯನಿದ್ದಾನೆ. ಜನ ಹತ್ತುತ್ತಾರೆ, ಹಾಗಾಗಿ ಮೆಟ್ಟಿಲು ಉಳಿದಿದೆ. ಕೋಟೆಯ ಗುಡ್ಡಕ್ಕೆ ಹತ್ತಿದವರಿಗೆ ವ್ಯತ್ಯಾಸ ಗೊತ್ತು. ಜಾಲಿಯ ಮುಳ್ಳು, ಜಾರುವ ಜಲ್ಲಿ, ಒಡೆದ ಬಾಟಲಿ, ಕಲ್ಲಿನ ಮೇಲೆ ಪ್ರೇಮಿಗಳ ಹೆಸರು. ಇದರಿಂದ ಒಂದು ಪಾಠ ಸಿಗುತ್ತದೆ. ಜನ ನಡೆದರೆ ದಾರಿ ಉಳಿಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಮುಚ್ಚಿದ ಮೇಲೆ ಅಲ್ಲಿಗೆ ಹೋಗುವವರು ಕುಡಿಯುವವರು ಮತ್ತು ನಿಧಿ ಅಗೆಯುವವರು ಮಾತ್ರ.

ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇರುವ ಊರಿದು. ಹತ್ತಿ, ಎಣ್ಣೆ ಗಿರಣಿ, ಮಾರುಕಟ್ಟೆ ಎಂದು ಬೆಳೆದ ಊರು. ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ನೆಮ್ಮದಿಯಿಂದ ನಡೆಯಲು ಜಾಗ ಹುಡುಕಬೇಕು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಎನ್ನುತ್ತಾರೆ. ಎಲ್ಲಿ ನಡೆಯಬೇಕು ಎಂದು ಚೀಟಿಯಲ್ಲಿ ಬರೆಯುವುದಿಲ್ಲ.

ಬೇರೆಯವರು ಹೇಗೆ ಮಾಡಿದರು?

ದೂರದ ಉದಾಹರಣೆ ಎಂದು ತಳ್ಳಿಹಾಕಬೇಡಿ. ಜೆಕ್ ದೇಶದ ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಅಲ್ಲಿ 1888ರಲ್ಲಿ ನಡೆಯುವವರ ಸಂಘವೊಂದು ಹುಟ್ಟಿತು. ಮರುವರ್ಷವೇ ಮರ, ಕಲ್ಲುಗಳ ಮೇಲೆ ಬಣ್ಣದ ಪಟ್ಟಿ ಬಳಿದು ದಾರಿ ಗುರುತು ಮಾಡಲು ಶುರು ಮಾಡಿದರು. ಇಂದು ಅಲ್ಲಿ ಗುರುತು ಮಾಡಿದ ಕಾಲುದಾರಿ 40,000 ಕಿಲೋಮೀಟರಿಗೂ ಹೆಚ್ಚು. ಬಣ್ಣ ಬಳಿಯುವವರು ಸಂಘದ ಸ್ವಯಂಸೇವಕರು. ಸರದಿಯಂತೆ ಪ್ರತಿಯೊಂದು ದಾರಿಗೂ ಕೆಲವು ವರ್ಷಕ್ಕೊಮ್ಮೆ ಹೋಗಿ ಹೊಸ ಬಣ್ಣ ಹಚ್ಚಿ ಬರುತ್ತಾರೆ.

ಅಮೆರಿಕದಲ್ಲಿ ಅಪಲೇಶಿಯನ್ ಟ್ರೇಲ್ ಎನ್ನುವ ದಾರಿ ಇದೆ. ಬೆಂಟನ್ ಮೆಕೈ ಎಂಬಾತ 1921ರಲ್ಲಿ ಅದರ ಕನಸು ಕಂಡ. 1937ರಲ್ಲಿ ದಾರಿ ಪೂರ್ತಿಯಾಯಿತು. 14 ರಾಜ್ಯ ದಾಟಿ ಸುಮಾರು 3,500 ಕಿಲೋಮೀಟರು ಹೋಗುತ್ತದೆ. ಇದನ್ನು ನೋಡಿಕೊಳ್ಳುವವರು ಮೂವತ್ತರಷ್ಟು ಸ್ಥಳೀಯ ಸಂಘಗಳು. ಗುಟ್ಟು ಇಷ್ಟೇ. ಇಡೀ ದಾರಿಯನ್ನು ಯಾರೂ ಹೊತ್ತುಕೊಂಡಿಲ್ಲ. ಒಬ್ಬೊಬ್ಬರಿಗೆ ಒಂದು ತುಂಡು. ಆ ತುಂಡಿನಲ್ಲಿ ಮರ ಬಿದ್ದರೆ, ನೀರು ಕೊರೆದರೆ, ಮೊದಲು ಹೋಗಬೇಕಾದವರು ಯಾರು ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ.

ಹತ್ತಿರದ್ದೇ ಬೇಕೆಂದರೆ ಶಬರಿಮಲೆ ನೋಡಿ. ಕೇರಳ ಪೊಲೀಸರು 2011ರಲ್ಲಿ ಪುಣ್ಯಂ ಪೂಂಗಾವನಂ ಎನ್ನುವ ಕೆಲಸ ಆರಂಭಿಸಿದರು. ಅಯ್ಯಪ್ಪನ ಭಕ್ತರಿಗೆ ಅವರು ಕೇಳಿದ್ದು ದುಡ್ಡಲ್ಲ. ದರ್ಶನಕ್ಕೆ ಬಂದವರು ಸ್ವಲ್ಪ ಹೊತ್ತು ಕಸ ಎತ್ತಿ, ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಿರಿ ಎಂದರು. ಸೇವೆಯೂ ಯಾತ್ರೆಯ ಒಂದು ಭಾಗ ಎಂದು ಹೇಳಿದ್ದಕ್ಕೆ ಭಕ್ತರು ಒಪ್ಪಿದರು. ನಮ್ಮ ಮಲ್ಲಯ್ಯನ ಭಕ್ತರು ಒಪ್ಪುವುದಿಲ್ಲ ಎನ್ನಲು ಕಾರಣವಿಲ್ಲ.

ಎಡವಿದ ಉದಾಹರಣೆಗಳೂ ಇವೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಗುಡ್ಡದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಆ ರಾಜ್ಯ ಅದರಿಂದ ಕಲಿತು 2024ರ ಅಕ್ಟೋಬರ್‌ನಲ್ಲಿ 40 ದಾರಿಗಳನ್ನು ಆಯ್ದು, ಸ್ಥಳೀಯ ಮತ್ತು ಬುಡಕಟ್ಟಿನ ಯುವಕರಿಗೆ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡಿ ಚಾರಣ ತೆರೆಯಿತು. ಕರ್ನಾಟಕದಲ್ಲಿ 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದರು. ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಿ, ಆಮೇಲೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಈ ಎರಡೂ ಘಟನೆಗಳು ಒಂದೇ ಮಾತು ಹೇಳುತ್ತವೆ. ದಾರಿಗೆ ಒಡೆಯರಿಲ್ಲದಿದ್ದರೆ ಜನ ಸಾಯುತ್ತಾರೆ, ಇಲ್ಲವೇ ದಾರಿಯನ್ನೇ ಮುಚ್ಚುತ್ತಾರೆ.

ಆಕ್ಷೇಪಣೆಗಳೂ ಇವೆ

ಇಷ್ಟು ಓದಿದವರು ಕೇಳಬಹುದು, ಇದೆಲ್ಲ ಸರ್ಕಾರದ ಕೆಲಸ ಅಲ್ಲವೇ? ನಾವು ಪುಕ್ಕಟೆ ಮಾಡಿದರೆ ಅವರು ಕೈ ತೊಳೆದುಕೊಳ್ಳುತ್ತಾರೆ. ಮಾತಿನಲ್ಲಿ ಸತ್ಯವಿದೆ. ಸೇತುವೆ, ಆಸ್ಪತ್ರೆ, ಕುಡಿಯುವ ನೀರು, ಹೆದ್ದಾರಿಯ ಅಂಚಿನ ಕಾಲುಹಾದಿ ಇವು ಸರ್ಕಾರದ್ದೇ. ಇವನ್ನು ಸ್ವಯಂಸೇವಕರ ತಲೆಗೆ ಕಟ್ಟಬಾರದು. ಆದರೆ ಮಳೆ ಬಂದ ಮರುದಿನ ಮೆಟ್ಟಿಲ ಮೇಲಿನ ಮಣ್ಣು ತೆಗೆಯುವುದಕ್ಕೆ ಟೆಂಡರು ಕರೆಯಲು ಆಗುವುದಿಲ್ಲ. ಅದು ಊರಿನವರ ಕಣ್ಣಿಗೆ ಬೀಳುವ, ಊರಿನವರ ಕೈಯಲ್ಲಿ ಮುಗಿಯುವ ಕೆಲಸ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿ. ದಾರಿ ಚೆನ್ನಾಗಿ ಮಾಡಿದರೆ ಜನ ಹೆಚ್ಚಾಗುತ್ತಾರೆ, ಕಾಡು ಹಾಳಾಗುತ್ತದೆ. ಇದಕ್ಕೆ ಉತ್ತರ, ನಲ್ಲಮಲದಲ್ಲಿ ಹೊಸ ದಾರಿ ಬೇಡವೇ ಬೇಡ. ಅಗಲ ಮಾಡುವುದೂ ಬೇಡ, ಸಿಮೆಂಟೂ ಬೇಡ, ದೀಪವೂ ಬೇಡ. ಇರುವ ದಾರಿಯನ್ನು ಇದ್ದಷ್ಟೇ ಅಗಲದಲ್ಲಿ ಸ್ಪಷ್ಟವಾಗಿ ಇಟ್ಟರೆ ಸಾಕು. ದಾರಿ ಸ್ಪಷ್ಟ ಇಲ್ಲದ ಕಡೆಯೇ ಜನ ನಾಲ್ಕು ಕಡೆ ಹರಡಿ ಹೊಸ ಕಾಲುದಾರಿ ತುಳಿಯುತ್ತಾರೆ. ಒಳ್ಳೆಯ ಕಾಲುದಾರಿ ಜನರನ್ನು ಒಳಗೆ ಬಿಡುವುದಕ್ಕಿಂತ ಹೆಚ್ಚಾಗಿ ಅಡ್ಡಾದಿಡ್ಡಿ ಹೋಗದಂತೆ ಹಿಡಿದಿಡುತ್ತದೆ.

ಮೂರನೆಯದನ್ನು ಯಾರೂ ಎತ್ತುವುದಿಲ್ಲ, ಆದರೆ ಎತ್ತಬೇಕು. ಕಾಡಿನಲ್ಲಿ ಚೆಂಚುಗಳಿದ್ದಾರೆ. ಪೆದ್ದ ಚೆರುವು, ನಾಗಲೂಟಿ ಕಡೆ ಅವರ ಗೂಡೆಂಗಳಿವೆ. ನಾವು ದಾರಿ ಎನ್ನುವುದು ಅವರ ಅಂಗಳ. ಅರಣ್ಯ ಇಲಾಖೆ ಚೆಂಚುಗಳನ್ನು ಕಾವಲುಗಾರರನ್ನಾಗಿ ಕೂಲಿಗೆ ಇಟ್ಟುಕೊಂಡಿದೆ. ಪಟ್ಟಣದಿಂದ ನೂರು ಜನ ಬಂದು ಪುಕ್ಕಟೆ ಪೊದೆ ಸವರಿ ಫೋಟೋ ತೆಗೆಸಿಕೊಂಡು ಹೋದರೆ ಚೆಂಚುಗಳ ನಾಲ್ಕು ದಿನದ ಕೂಲಿ ಹೋಯಿತು ಎಂದೇ ಅರ್ಥ. ಆದ್ದರಿಂದ ಕಾಡಿನೊಳಗಿನ ಕೆಲಸಕ್ಕೆ ಸ್ವಯಂಸೇವಕರು ತರಬೇಕಾದದ್ದು ಕತ್ತಿ ಗುದ್ದಲಿಯನ್ನಲ್ಲ, ಕೂಲಿಯ ದುಡ್ಡನ್ನು. ಶಾಮಿಯಾನಕ್ಕೆ ಎತ್ತುವ ಪಟ್ಟಿಯಲ್ಲಿ ಒಂದು ಪಾಲನ್ನು ಇಲಾಖೆಯ ಮೂಲಕ ಚೆಂಚುಗಳ ಕೂಲಿಗೆ ಕೊಡುವುದು ಅನ್ನದಾನಕ್ಕೇನೂ ಕಡಿಮೆಯಲ್ಲ.

ಕೆಲಸ ದೊಡ್ಡದಲ್ಲ, ಹೊತ್ತು ಮುಖ್ಯ

ದಾರಿಯ ದೊಡ್ಡ ಶತ್ರು ಕಾಲಲ್ಲ, ನೀರು. ಗುಡ್ಡದ ದಾರಿಯಲ್ಲಿ ಮಳೆನೀರು ನೇರ ಕೆಳಗೆ ಹರಿಯಲು ಬಿಟ್ಟರೆ ಎರಡು ಮಳೆಗಾಲದಲ್ಲಿ ದಾರಿ ಹೋಗಿ ಹಳ್ಳವಾಗುತ್ತದೆ. ಅಲ್ಲಲ್ಲಿ ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಒಂದು ಸಾಲು ಕಲ್ಲು ಹೂತರೆ ನೀರು ಪಕ್ಕಕ್ಕೆ ತಿರುಗುತ್ತದೆ. ದಾರಿಯ ಹೊರ ಅಂಚು ಒಳ ಅಂಚಿಗಿಂತ ಎರಡು ಬೆರಳು ತಗ್ಗಿರಬೇಕು. ಸಡಿಲವಾದ ಮೆಟ್ಟಿಲ ಕಲ್ಲನ್ನು ಎತ್ತಿ, ಕೆಳಗೆ ಸಣ್ಣ ಕಲ್ಲು ತುಂಬಿ ಮತ್ತೆ ಕೂರಿಸಬೇಕು. ಹೊಲದ ಬದು ಹಾಕುವ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಇರುವಷ್ಟು ಕಲ್ಲಿನ ಕೆಲಸ ಬಲ್ಲವರು ಜೆಕ್ ದೇಶದಲ್ಲೂ ಇರಲಿಕ್ಕಿಲ್ಲ.

ಹೊತ್ತು ಹೀಗಿಟ್ಟುಕೊಳ್ಳಬಹುದು. ಯುಗಾದಿ ಆದ ವಾರದಲ್ಲಿ ಕಸ. ಮೃಗಶಿರಾ ಮಳೆಗೆ ಮುಂಚೆ ನೀರಿನ ದಾರಿ ಬಿಡಿಸುವುದು ಮತ್ತು ಗಿಡದ ಗುಂಡಿ. ಮಳೆಗಾಲದಲ್ಲಿ ಬೇವು, ಹೊಂಗೆ, ಆಲದ ಸಸಿ. ದಸರಾ ಕಳೆದ ಮೇಲೆ ಮಳೆ ಮಾಡಿದ ಹಾನಿಯ ರಿಪೇರಿ. ಶಿವರಾತ್ರಿಗೆ ಮುಂಚೆ ಗುರುತು, ಬೋರ್ಡು. ವರ್ಷಕ್ಕೆ ಐದು ದಿನ.

ಶಾಮಿಯಾನ ಹಾಕುವ ಪ್ರತಿಯೊಂದು ಊರಿನವರೂ ತಮ್ಮ ಶಾಮಿಯಾನದ ಹಿಂದೆ ಒಂದು ಕಿಲೋಮೀಟರು, ಮುಂದೆ ಒಂದು ಕಿಲೋಮೀಟರು ನಮ್ಮದು ಎಂದುಕೊಂಡರೆ ಸಾಕು. ಅಲ್ಲಿನ ಕಸ, ಅಲ್ಲಿನ ಸಸಿ, ಅಲ್ಲಿನ ಬೋರ್ಡು ಅವರದು. ಅದರಾಚೆ ಮುಂದಿನ ಊರಿನವರದು. ಅಪಲೇಶಿಯನ್ ದಾರಿ ನಡೆಯುತ್ತಿರುವುದೂ ಇದೇ ಲೆಕ್ಕದ ಮೇಲೆ.

ಬೋರ್ಡಿನ ಮಾತು ಬಂದದ್ದಕ್ಕೆ ಒಂದು ವಿಷಯ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗದ ಜೊತೆಗೆ ಇವೂ ಅದಕ್ಕೆ ಸೇರಿದವು. ಹೊಳಗುಂದ, ಹಾಲಹರವಿ, ಕೌತಾಳಂ ಕಡೆಯ ಗಡಿ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಯುಗಾದಿಯ ಹೊತ್ತಿಗೆ ದಾರಿ ತುಂಬ ಕನ್ನಡದವರೇ. ಆಸ್ಪತ್ರೆ ಎಲ್ಲಿ, ನೀರು ಎಲ್ಲಿ, ಮುಂದಿನ ತಂಗುವ ಜಾಗ ಎಷ್ಟು ದೂರ ಎನ್ನುವ ಬೋರ್ಡಿನಲ್ಲಿ ತೆಲುಗಿನ ಕೆಳಗೆ ಕನ್ನಡದ ಎರಡು ಸಾಲು ಇದ್ದರೆ ಅದು ಭಾಷಾ ರಾಜಕೀಯ ಆಗುವುದಿಲ್ಲ. ಗುಳ್ಳೆ ಎದ್ದ ಕಾಲಿಗೆ ಅನುಕೂಲ ಆಗುತ್ತದೆ. ಬೋರ್ಡು ಬರೆಯುವ ಕೆಲಸಕ್ಕೆ ನಮ್ಮ ಗಡಿ ಹಳ್ಳಿಗಳ ಕನ್ನಡ ಓದುವ ಹುಡುಗರಿಗಿಂತ ತಕ್ಕವರು ಯಾರು?

ಆದೋನಿಯ ಗುಡ್ಡಕ್ಕೂ ಇದೇ ಲೆಕ್ಕ ಹಾಕಬಹುದು. ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಇದೆ. 1969ರಿಂದ ನಡೆಯುತ್ತಿದೆ. ಅದಕ್ಕೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಐವತ್ತು ವಿದ್ಯಾರ್ಥಿಗಳು ತಮ್ಮ ಗಂಟೆಗಳಲ್ಲಿ ಕಾಲು ಭಾಗವನ್ನು ಗುಡ್ಡಕ್ಕೆ ಕೊಟ್ಟರೂ 1,500 ಗಂಟೆ ಆಯಿತು. ಒಂದು ದಾರಿಯ ಜಾಲಿ ಬಿಡಿಸಿ ಗುರುತು ಹಾಕಲು ಅದು ದೊಡ್ಡ ಬಂಡವಾಳ.

ಆದರೆ ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಕೋಟೆಯ ಕಲ್ಲು ಕಿತ್ತು ಮೆಟ್ಟಿಲು ಕಟ್ಟಬೇಡಿ, ಹಳೆಯ ಗೋಡೆಗೆ ಬಣ್ಣ ಬಳಿಯಬೇಡಿ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಯಾವ ಕಟ್ಟಡವೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರು ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಕಾನೂನು ಹಾಗಿರಲಿ, ಸ್ವಂತ ಬುದ್ಧಿಯೂ ಅದನ್ನೇ ಹೇಳಬೇಕು. ಮೊದಲು ಪುರಾತತ್ವ, ಅರಣ್ಯ, ಪುರಸಭೆ ಈ ಮೂರೂ ಕಡೆ ಒಂದೊಂದು ಅರ್ಜಿ. ಯಾವ ಗುಡ್ಡ ಯಾರದ್ದು ಎನ್ನುವುದು ಬರಹದಲ್ಲಿ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಊರುಗಳಲ್ಲಿ ಕೆಲಸ ನಿಲ್ಲುವುದು ದುಡ್ಡಿಲ್ಲದೆ ಅಲ್ಲ, ಯಾರನ್ನು ಕೇಳಬೇಕು ಎಂದು ತಿಳಿಯದೆ.

ಕೊನೆಗೆ

ಸ್ವಯಂಸೇವಕರು ಎಲ್ಲಿಂದ ಬರುತ್ತಾರೆ ಎನ್ನುವ ಪ್ರಶ್ನೆ ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ. ಅವರು ಈಗಾಗಲೇ ಇದ್ದಾರೆ. ಪ್ರತಿ ಯುಗಾದಿಗೆ ರಾತ್ರಿಯೆಲ್ಲ ಎದ್ದು ಅನ್ನ ಬೇಯಿಸುತ್ತಾರೆ, ಗುರುತಿಲ್ಲದವರ ಕಾಲು ಒತ್ತುತ್ತಾರೆ, ಹೆಸರೂ ಕೇಳದೆ ಕಳಿಸಿಕೊಡುತ್ತಾರೆ. ಇಂಥ ಜನ ಇರುವ ಕಡೆ ದಾರಿ ಅನಾಥವಾಗಿರುವುದು ವಿಚಿತ್ರ. ಕೊರತೆ ಮನಸ್ಸಿನದ್ದಲ್ಲ, ಅಭ್ಯಾಸದ್ದು. ಅನ್ನ ಕೊಟ್ಟರೆ ಪುಣ್ಯ ಎಂದು ಹಿರಿಯರು ಹೇಳಿಕೊಟ್ಟದ್ದನ್ನು ನೆನಪಿಟ್ಟೆವು, ದಾರಿ ಮಾಡಿದರೂ ಪುಣ್ಯ ಎಂದದ್ದನ್ನು ಮರೆತೆವು.

ಮುಂದಿನ ಯುಗಾದಿಗೆ ಶಾಮಿಯಾನ ಹಾಕಲು ಪಟ್ಟಿ ಎತ್ತುವಾಗ ಎರಡು ಸಾಮಾನು ಹೆಚ್ಚಿಗೆ ಬರೆದುಕೊಳ್ಳಿ. ಕಸ ತುಂಬಲು ಐವತ್ತು ಗೋಣಿಚೀಲ, ರಾತ್ರಿ ನಡೆಯುವವರ ಬೆನ್ನಿಗೆ ಅಂಟಿಸಲು ಹೊಳೆಯುವ ಪಟ್ಟಿ. ಪ್ಲಾಸ್ಟಿಕ್ ಲೋಟದ ಬದಲು ಹತ್ತು ಡಜನ್ ಸ್ಟೀಲ್ ಲೋಟ ಕೊಂಡರೆ ಹತ್ತು ವರ್ಷ ಬರುತ್ತವೆ. ಹಬ್ಬ ಮುಗಿದ ಮಾರನೆಯ ಭಾನುವಾರ ಅದೇ ಹುಡುಗರು, ಅದೇ ಹುರುಪಿನಲ್ಲಿ, ಎರಡು ಕಿಲೋಮೀಟರು ನಡೆದು ಬರಲಿ. ಶುರುವಾಗಲು ಇಷ್ಟು ಸಾಕು. ಉಳಿದದ್ದನ್ನು ದಾರಿಯೇ ಹೇಳಿಕೊಡುತ್ತದೆ.